ಎಕ್ಸ್-ರೇ, ಸಿಟಿ, ಎಂಆರ್‌ಐ ಚಿತ್ರಗಳನ್ನು ಎಲ್ಲಿ ಇಡೋದು? ಹಾಸನ, ಚಿಕ್ಕಮಗಳೂರು ಕಡೆಯ ಆಸ್ಪತ್ರೆಗಳಿಗೆ ಒಂದು ಹೋಲಿಕೆ

ತಾಲ್ಲೂಕಿನ ಊರಲ್ಲಿ ಒಂದು ಸ್ಕ್ಯಾನಿಂಗ್. ಹಾಸನಕ್ಕೆ ಬಂದ ಮೇಲೆ ಅದೇ ಸ್ಕ್ಯಾನಿಂಗ್ ಮತ್ತೊಮ್ಮೆ. ಬೆಂಗಳೂರಿಗೋ ಮಂಗಳೂರಿಗೋ ಬರೆದುಕೊಟ್ಟರೆ ಅಲ್ಲಿ ಮೂರನೇ ಸಲ. ನಮ್ಮ ಕಡೆ ಇದು ಹೊಸ ವಿಷಯವೇನಲ್ಲ. ಮನೆಯವರು ಮತ್ತೆ ದುಡ್ಡು ಕಟ್ಟುತ್ತಾರೆ, ಎಕ್ಸ್-ರೇ, ಸಿಟಿ ಆದರೆ ರೋಗಿಯ ಮೈಮೇಲೆ ಮತ್ತೆ ವಿಕಿರಣ ಬೀಳುತ್ತದೆ. ಮೊದಲು ತೆಗೆದ ಚಿತ್ರ ಯಾವುದೋ ಕಂಪ್ಯೂಟರಿನಲ್ಲಿ ಸುಮ್ನೆ ಕೂತಿರುತ್ತದೆ.

ಹಾಸನದಲ್ಲಿ ಒಂದು ಆಸ್ಪತ್ರೆ, ಚನ್ನರಾಯಪಟ್ಟಣದಲ್ಲಿ ಒಂದು ಶಾಖೆ, ಬೇಲೂರಿನಲ್ಲೊಂದು ಸ್ಕ್ಯಾನ್ ಸೆಂಟರ್. ಇಲ್ಲವೇ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ. ಇಂಥ ಎರಡು ಮೂರು ಕಡೆ ಆಸ್ಪತ್ರೆ ನಡೆಸುವವರಿಗಾಗಿ ಈ ಬರಹ. ಒಂದೇ ಊರಲ್ಲಿ ಒಂದೇ ಎಕ್ಸ್-ರೇ ಮಷಿನ್ ಇಟ್ಟುಕೊಂಡವರಿಗೂ ಅಲ್ಲಲ್ಲಿ ಉಪಯೋಗವಾಗಬಹುದು.

ವೆಂಡರ್ ಬಂದಾಗ ಎಲ್ಲರೂ ಮೊದಲು ಕೇಳುವುದು ಸಾಫ್ಟ್‌ವೇರಿಗೆ ಎಷ್ಟು ಎಂದು. ನಾನಾದರೆ ಮೊದಲು ಬೇರೆ ಎರಡು ವಿಷಯ ನೋಡುತ್ತೇನೆ. ನಿಮ್ಮ ರೋಗಿ ಇಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತಾನೆ? ಇದೇ ವೆಂಡರನ್ನು ನಾಳೆ ಬಿಡಬೇಕಾದರೆ ಚಿತ್ರಗಳೆಲ್ಲ ನಿಮ್ಮ ಕೈಗೆ ಬರುತ್ತವಾ? ಇವೆರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಮೊದಲು ಸ್ವಲ್ಪ ಲೆಕ್ಕ

ಎರಡು ಪದ ಗೊತ್ತಿದ್ದರೆ ಸಾಕು. ಚಿತ್ರಗಳನ್ನು ಕೂಡಿಟ್ಟು, ಕೇಳಿದಾಗ ಹುಡುಕಿ, ಬೇಕಾದ ಕಂಪ್ಯೂಟರಿಗೆ ಕಳಿಸುವ ವ್ಯವಸ್ಥೆಗೆ ಪ್ಯಾಕ್ಸ್ ಅಂತಾರೆ. ಬೇರೆ ಬೇರೆ ಕಂಪನಿಯ ಮಷಿನ್‌ಗಳ ಚಿತ್ರವನ್ನು ಒಂದೇ ಕಡೆ ತೆರೆಯಲು ಆಗುವಂತೆ ಮಾಡಿದ ನಿಯಮಾವಳಿ ಡೈಕಾಮ್. ಅಮೆರಿಕದ ರೇಡಿಯಾಲಜಿಸ್ಟರ ಸಂಘ ಮತ್ತು ಮಷಿನ್ ತಯಾರಕರ ಸಂಘ ಸೇರಿ 1985ರಲ್ಲಿ ಇದರ ಮೊದಲ ರೂಪ ತಂದವು. ಡೈಕಾಮ್ ಎಂಬ ಹೆಸರು ಬಂದದ್ದು 1993ರಲ್ಲಿ.

ಒಂದು ಡಿಜಿಟಲ್ ಎಕ್ಸ್-ರೇ ಸುಮಾರು 10ರಿಂದ 30 ಎಂಬಿ. ಸಿಟಿಯ ಒಂದು ಸ್ಲೈಸ್, ಅಂದರೆ ದೇಹದ ಒಂದು ತೆಳು ಪದರದ ಚಿತ್ರ, ಅರ್ಧ ಎಂಬಿ. ಆದರೆ ಒಂದು ಪರೀಕ್ಷೆಗೆ ಅಂಥ ನೂರಾರು ಸ್ಲೈಸ್ ಇರುತ್ತವೆ. 600 ಸ್ಲೈಸ್ ಎಂದುಕೊಂಡರೆ 300 ಎಂಬಿ. ದಿನಕ್ಕೆ 15 ಸಿಟಿ, 60 ಎಕ್ಸ್-ರೇ ಮಾಡುವ ಆಸ್ಪತ್ರೆಗೆ ವರ್ಷಕ್ಕೆ ಹೆಚ್ಚುಕಡಿಮೆ 2 ಟಿಬಿ ಆಗುತ್ತದೆ. ಗುಣಮಟ್ಟ ಒಂದಿಷ್ಟೂ ಕಳೆಯದಂತೆ ಕುಗ್ಗಿಸುವ ವಿಧಾನಗಳಿವೆ. ಅವನ್ನು ಬಳಸಿದರೆ ಇದರ ಅರ್ಧವೋ ಅದಕ್ಕಿಂತ ಕಡಿಮೆಯೋ ಸಾಕು. ಇಷ್ಟು ಡಿಸ್ಕ್ ಕೊಳ್ಳುವುದು ಈಗ ದೊಡ್ಡ ಖರ್ಚೇನಲ್ಲ.

ಕಷ್ಟ ಇರುವುದು ಕಳಿಸುವುದರಲ್ಲಿ. ಆ 300 ಎಂಬಿ ಸಿಟಿ ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಇದ್ದರೆ ನಾಲ್ಕು ನಿಮಿಷದಲ್ಲಿ ಹೋಗುತ್ತದೆ. 2 ಮೆಗಾಬಿಟ್ ಇದ್ದರೆ ಇಪ್ಪತ್ತು ನಿಮಿಷ. ಇಂಟರ್ನೆಟ್ ಕೊಡುವವರು ಜಾಹೀರಾತಿನಲ್ಲಿ ಹೇಳುವ ವೇಗ ಎಷ್ಟೋ ಸಲ ಡೌನ್‌ಲೋಡಿನದು. ಆಸ್ಪತ್ರೆಗೆ ಬೇಕಾದದ್ದು ಅಪ್‌ಲೋಡ್. ಅದನ್ನೇ ಒತ್ತಿ ಕೇಳಿ.

ಫಿಲ್ಮ್, ಸಿಡಿ, ವಾಟ್ಸಾಪ್

ಈಗ ಬಹಳ ಕಡೆ ನಡೆಯುತ್ತಿರುವುದು ಇದೇ. ಬೈದು ಪ್ರಯೋಜನವಿಲ್ಲ, ಏಕೆಂದರೆ ಫಿಲ್ಮಿಗೆ ಕರೆಂಟ್ ಬೇಡ, ನೆಟ್ ಬೇಡ. ಬಸ್ಸಿನಲ್ಲಿ ಹಿಡಿದುಕೊಂಡು ಹೋಗಬಹುದು. ಯಾವ ಡಾಕ್ಟರಾದರೂ ಬೆಳಕಿಗೆ ಹಿಡಿದು ನೋಡಬಹುದು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೂಸ್ಟು ಹಿಡಿಯುತ್ತವೆ. ಸಿಡಿ ಗೀರಾಗುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ.

ಫಿಲ್ಮನ್ನು ಗೋಡೆಯ ಲೈಟ್ ಬಾಕ್ಸಿಗೆ ಹಿಡಿದು ಫೋಟೋ ಹೊಡೆದು ವಾಟ್ಸಾಪ್ ಮಾಡುವುದು ಇನ್ನೊಂದು ರೂಢಿ. ರಾತ್ರಿ ಹೊತ್ತು ದೊಡ್ಡ ಡಾಕ್ಟರಿಗೆ ‘ಸರ್, ಒಂಚೂರು ನೋಡಿ’ ಎನ್ನಲು ಅದು ಅನುಕೂಲ, ಸುಳ್ಳಲ್ಲ. ಆದರೆ 12 ಬಿಟ್‌ನ ಸಿಟಿ ಚಿತ್ರದಲ್ಲಿ 4,096 ಬಗೆಯ ಬೂದು ಬಣ್ಣ ಇರುತ್ತದೆ. ಫೋನಿನ ಫೋಟೋದಲ್ಲಿ ಉಳಿಯುವುದು ಹೆಚ್ಚೆಂದರೆ 256. ರೇಡಿಯಾಲಜಿಸ್ಟ್ ತನ್ನ ಪರದೆಯಲ್ಲಿ ಅದೇ ಸ್ಲೈಸನ್ನು ಮೂಳೆಗೆ ಒಂದು ಥರ, ಶ್ವಾಸಕೋಶಕ್ಕೆ ಒಂದು ಥರ, ಮೆದುಳಿಗೆ ಒಂದು ಥರ ಹೊಂದಿಸಿ ನೋಡುತ್ತಾರೆ. ಫೋಟೋದಲ್ಲಿ ಆ ಆಟ ನಡೆಯುವುದಿಲ್ಲ. ಸಣ್ಣ ರಕ್ತಸ್ರಾವ, ಕೂದಲೆಳೆಯಷ್ಟು ಬಿರುಕು ತಪ್ಪಿಹೋಗುವುದು ಇಲ್ಲೇ. ರೋಗಿಯ ಹೆಸರಿನ ಸಮೇತ ಆ ಚಿತ್ರ ಎಷ್ಟು ಜನರ ಫೋನಿನಲ್ಲಿ ಉಳಿಯಿತು ಎಂಬುದಕ್ಕೂ ಲೆಕ್ಕವಿಲ್ಲ.

ದಿನಕ್ಕೆ ಹತ್ತು ಎಕ್ಸ್-ರೇ ತೆಗೆಯುವ ಕ್ಲಿನಿಕ್ ಆದರೆ ಫಿಲ್ಮ್ ಸಾಕು, ಜೊತೆಗೆ ಚಿತ್ರದ ಒಂದು ಪ್ರತಿ ಡಿಸ್ಕಿನಲ್ಲಿರಲಿ. ಸಿಟಿ ಇದೆ ಎಂದಾದರೆ ಮುಂದಕ್ಕೆ ಓದಿ.

ಮಷಿನ್ ಜೊತೆ ‘ಫ್ರೀ’ ಬಂದ ಪ್ಯಾಕ್ಸ್

ಸಿಟಿ ಅಥವಾ ಎಂಆರ್‌ಐ ಕೊಂಡಾಗ ಕಂಪನಿಯವರು ಜೊತೆಗೊಂದು ಸಣ್ಣ ಪ್ಯಾಕ್ಸ್ ಸೇರಿಸಿ ಕೊಡುವುದುಂಟು. ಆ ಮಷಿನ್ನಿಗೆ ಚೆನ್ನಾಗಿಯೇ ಹೊಂದುತ್ತದೆ. ಮೊದಲ ವರ್ಷ ಯಾರೂ ದೂರು ಹೇಳುವುದಿಲ್ಲ. ಎರಡನೇ ಕಂಪನಿಯ ಮಷಿನ್ ತಂದ ದಿನ ತಕರಾರು ಶುರುವಾಗುತ್ತದೆ. ಅದನ್ನು ಸೇರಿಸಲು ಬೇರೆ ಲೈಸೆನ್ಸ್, ಶಾಖೆಯ ಕಂಪ್ಯೂಟರ್ ಸೇರಿಸಲು ಇನ್ನೊಂದು, ಡಿಸ್ಕ್ ಜಾಸ್ತಿ ಮಾಡಲು ಮತ್ತೊಂದು. ಹಳೆಯ ಅಲ್ಟ್ರಾಸೌಂಡ್ ಮಷಿನ್‌ಗಳಲ್ಲಿ ಡೈಕಾಮ್ ಕಳಿಸುವ ಸೌಲಭ್ಯವನ್ನೇ ಬೇರೆಯಾಗಿ ಮಾರಿರುತ್ತಾರೆ.

ಒಂದೇ ಕಂಪನಿ, ಒಂದೇ ಕಟ್ಟಡ, ಮುಂದೆ ಬೆಳೆಯುವ ಯೋಚನೆ ಇಲ್ಲ ಎಂದಾದರೆ ಇದನ್ನೇ ಇಟ್ಟುಕೊಳ್ಳಿ. ಉಳಿದವರು ಇದನ್ನು ತಾತ್ಕಾಲಿಕ ಎಂದು ತಿಳಿದರೆ ಒಳ್ಳೆಯದು.

ಸರ್ವರ್ ಇಲ್ಲೇ ಇರಲಾ, ಕ್ಲೌಡಿಗೆ ಹೋಗಲಾ?

ನಿಜವಾದ ಜಗ್ಗಾಟ ಇರುವುದು ಇಲ್ಲಿ. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವ ಬೇರೆಯವರ ಸರ್ವರ್.

ಆಸ್ಪತ್ರೆಯೊಳಗೇ ಸರ್ವರ್ ಇಟ್ಟರೆ ಚಿತ್ರ ತಟ್ಟನೆ ತೆರೆಯುತ್ತದೆ. ಹೊರಗಿನ ನೆಟ್ ಹೋದರೂ ಕ್ಯಾಶುವಾಲ್ಟಿಯಲ್ಲಿ ಸಿಟಿ ನೋಡಬಹುದು. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ಒಂದು ಮರ ಬಿದ್ದರೆ ಕರೆಂಟ್ ತಂತಿಯೂ ಫೈಬರ್ ಕೇಬಲ್ಲೂ ಒಟ್ಟಿಗೇ ಹೋಗುತ್ತವೆ. ಮೆಸ್ಕಾಂನವರೋ ಸೆಸ್ಕ್‌ನವರೋ ಬಂದು ಲೈನ್ ಎಳೆದ ಮೇಲೂ ಕೇಬಲ್‌ನವನು ಬರಲು ಇನ್ನೊಂದು ದಿನ ಹಿಡಿಯಬಹುದು.

ಆದರೆ ಸರ್ವರ್ ಇಲ್ಲಿದ್ದರೆ ಅದರ ಕಷ್ಟವೂ ಇಲ್ಲೇ. ಯುಪಿಎಸ್ ಬೇಕು, ಎಸಿ ಬೇಕು, ಸರಿಯಾದ ಅರ್ಥಿಂಗ್ ಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನೆಟ್‌ವರ್ಕ್ ಸ್ವಿಚ್ ಸುಟ್ಟುಹೋಗುವುದು ನಮ್ಮಲ್ಲಿ ಅಪರೂಪವಲ್ಲ. ‘ನಮ್ಮಲ್ಲಿ ಎರಡು ಡಿಸ್ಕ್ ಇದೆ, ಒಂದು ಹೋದರೆ ಇನ್ನೊಂದು ಇದೆ’ ಎಂದು ಸಮಾಧಾನ ಪಡುವವರಿದ್ದಾರೆ. ಅದು ಡಿಸ್ಕ್ ಕೆಟ್ಟಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಯಾರೋ ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಎರಡಕ್ಕೂ ಬೀಗ ಬೀಳುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಇಂಥ ದಾಳಿಯಾಗಿ ಎಷ್ಟೋ ದಿನ ಕೆಲಸವೆಲ್ಲ ಕಾಗದ, ಪೆನ್ನಿನಲ್ಲಿ ನಡೆಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ನಮ್ಮ ಮೂಲೆಯ ಕೋಣೆಯ ಸರ್ವರ್ ಗತಿ? ಒಂದು ಪ್ರತಿಯಾದರೂ ಕಂಪ್ಯೂಟರಿನಿಂದ ಬಿಚ್ಚಿಟ್ಟ ಡಿಸ್ಕಿನಲ್ಲಿ, ಬೇರೆ ಕಟ್ಟಡದಲ್ಲಿರಬೇಕು.

ಕ್ಲೌಡ್‌ನವರು ಹೇಳುವುದು ಈ ತಲೆನೋವೆಲ್ಲ ನಮಗೆ ಬಿಡಿ ಎಂದು. ಬಹುಪಾಲು ನಿಜ. ಶುರುವಿಗೆ ದೊಡ್ಡ ಮೊತ್ತ ಹಾಕಬೇಕಿಲ್ಲ. ಮೂರೂ ಶಾಖೆಯ ಚಿತ್ರ ಒಂದೇ ಕಡೆ ಸಿಗುತ್ತದೆ. ಡಾಕ್ಟರ್ ಮನೆಯಿಂದಲೇ ಬ್ರೌಸರಿನಲ್ಲಿ ನೋಡಬಹುದು. ರಾತ್ರಿ ರಿಪೋರ್ಟ್ ಬೆಂಗಳೂರಿನ ಟೆಲಿರೇಡಿಯಾಲಜಿಯವರಿಂದ (ದೂರದಿಂದಲೇ ಚಿತ್ರ ನೋಡಿ ರಿಪೋರ್ಟ್ ಬರೆಯುವವರು) ಬರುವುದಾದರೆ ಕ್ಲೌಡ್ ಇನ್ನೂ ಸಲೀಸು.

ಒಂದು ಸ್ಟ್ರೋಕ್ ಕೇಸ್ ನೆನೆಸಿಕೊಳ್ಳಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ, ಲಕ್ಷಣ ಶುರುವಾದ ಮೇಲೆ ನಾಲ್ಕೂವರೆ ಗಂಟೆ. ಅದಕ್ಕೆ ಮೊದಲು ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಎಂದು ಸಿಟಿಯಲ್ಲಿ ಖಾತ್ರಿಯಾಗಬೇಕು. ಬೇಲೂರಿನ ಹಳ್ಳಿಯಿಂದ ಹಾಸನಕ್ಕೆ ಬರುವಷ್ಟರಲ್ಲೇ ಒಂದೂವರೆ ಗಂಟೆ ಹೋಗಿರಬಹುದು. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ. ರೋಗಿಯನ್ನು ಆಂಬುಲೆನ್ಸಿನಲ್ಲಿ ಕಳಿಸಿ, ಕೈಯಲ್ಲಿ ಸಿಡಿ ಕೊಟ್ಟು, ಅಲ್ಲಿ ಹೋದ ಮೇಲೆ ಅದು ತೆರೆಯುತ್ತಿಲ್ಲ ಎಂದರೆ ಏನು ಮಾಡೋದು? ಚಿತ್ರ ನಾಲ್ಕು ನಿಮಿಷದಲ್ಲಿ ನರರೋಗ ತಜ್ಞರ ಪರದೆಗೆ ಹೋದರೆ ಇಂಜೆಕ್ಷನ್ ಹಾಸನದಲ್ಲೇ ಶುರುವಾಗಬಹುದು. ನಾನು ದುಡ್ಡಿನ ಮಾತಿಗಿಂತ ಮೊದಲು ರೋಗಿ ಮುಂದೆ ಎಲ್ಲಿಗೆ ಹೋಗುತ್ತಾನೆ ಎಂದು ಕೇಳುವುದು ಇದಕ್ಕೇ.

ಕ್ಲೌಡಿನ ಬಿಲ್ ಮಾತ್ರ ನಿಧಾನವಾಗಿ ಬೆಳೆಯುತ್ತದೆ. ಪರೀಕ್ಷೆಗೆ ಇಷ್ಟು ಎಂದು ಕಟ್ಟುವುದು ಮೊದಲಿಗೆ ಅಗ್ಗ ಎನಿಸುತ್ತದೆ. ಐದನೇ ವರ್ಷಕ್ಕೆ ಹಳೆಯ ಚಿತ್ರ ಇಡುವುದಕ್ಕೂ ಬಾಡಿಗೆ ಸೇರಿಕೊಂಡಿರುತ್ತದೆ. ಖರ್ಚು ಉಳಿಸಲು ಹಳೆಯದನ್ನು ಕ್ಲೌಡಿನಲ್ಲೇ ಕೋಲ್ಡ್ ಸ್ಟೋರೇಜ್ ಎನ್ನುವ ಅಗ್ಗದ, ನಿಧಾನದ ಜಾಗಕ್ಕೆ ಹಾಕಿದರೆ ಬೇಕೆಂದಾಗ ತೆಗೆಯಲು ಗಂಟೆಗಟ್ಟಲೆ ಕಾಯಬೇಕಾಗಬಹುದು. ಹೊರಗೆ ತೆಗೆದುಕೊಳ್ಳುವುದಕ್ಕೂ ಎಷ್ಟೋ ಕಡೆ ಚಾರ್ಜ್ ಇದೆ.

ಹೀಗಾಗಿ ಸಿಟಿ, ಎಂಆರ್‌ಐ ಇರುವ ಆಸ್ಪತ್ರೆಗೆ ನನ್ನ ಓಟು ಎರಡನ್ನೂ ಸೇರಿಸಿದ ವ್ಯವಸ್ಥೆಗೆ. ಒಂದೆರಡು ವರ್ಷದ ಚಿತ್ರ ಆಸ್ಪತ್ರೆಯೊಳಗಿನ ಸರ್ವರಿನಲ್ಲಿ. ಎಲ್ಲದರ ಪ್ರತಿ ಕ್ಲೌಡಿನಲ್ಲಿ. ನೆಟ್ ಇದ್ದಾಗ ತಾನೇ ಹೋಗುತ್ತದೆ, ಇಲ್ಲದಾಗ ಸಾಲಿನಲ್ಲಿ ಕಾಯುತ್ತದೆ. ತುರ್ತು ಸಿಟಿಯನ್ನು ಸಾಲು ತಪ್ಪಿಸಿ ಮೊದಲು ಕಳಿಸುವ ಸೌಲಭ್ಯ ಇದೆಯಾ ಎಂದು ಕೇಳಲೇಬೇಕು. ಅದಿಲ್ಲದೆ ಸ್ಟ್ರೋಕಿನ ಸಿಟಿ ಮಂಡಿ ನೋವಿನ ಎಂಆರ್‌ಐ ಹಿಂದೆ ನಿಂತಿರುತ್ತದೆ. ಬರೀ ಎಕ್ಸ್-ರೇ, ಅಲ್ಟ್ರಾಸೌಂಡ್ ಇರುವ ಒಂಟಿ ಸೆಂಟರಿಗೆ ಪೂರ್ತಿ ಕ್ಲೌಡ್ ಸಾಕು, ಸರ್ವರ್ ಸಾಕುವ ಗೋಜು ಬೇಡ.

ಹೃದಯದ ವಿಭಾಗ ಇದ್ದರೆ ಎಕೋ ಮತ್ತು ಆಂಜಿಯೋಗ್ರಾಮ್ ವಿಷಯ ಬೇರೆಯಾಗಿ ಮಾತಾಡಿ. ಅವು ಓಡುವ ಚಿತ್ರಗಳು, ಎಲ್ಲ ಪ್ಯಾಕ್ಸ್‌ಗಳೂ ಅವನ್ನು ಸರಿಯಾಗಿ ತೋರಿಸುವುದಿಲ್ಲ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳಿಂದ ಗಾಬರಿಯಾದ ಜನ ತಪಾಸಣೆಗೆ ಮೈಸೂರಿನ ಜಯದೇವದವರೆಗೂ ಹೋಗಿ ಸಾಲು ನಿಂತಿದ್ದರು. ಹಳೆಯ ಎಕೋ ಪಕ್ಕದಲ್ಲಿಟ್ಟು ಹೊಸದನ್ನು ನೋಡುವ ಅನುಕೂಲ ಎಷ್ಟು ಮುಖ್ಯ ಎಂದು ಅಂಥ ಹೊತ್ತಲ್ಲಿ ತಿಳಿಯುತ್ತದೆ.

ಉಚಿತ ಸಾಫ್ಟ್‌ವೇರ್

ಆರ್ಥಾಂಕ್ ಎಂಬುದು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿ 2012ರಲ್ಲಿ ಹೊರಬಂದ ಡೈಕಾಮ್ ಸರ್ವರ್. ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಡಿಸಿಎಂ4ಚೀ ಇನ್ನೂ ದೊಡ್ಡ ಕೆಲಸಕ್ಕೆ ಆಗುತ್ತದೆ, ಆದರೆ ಕೂರಿಸುವುದು ಕಷ್ಟ. ಬ್ರೌಸರಿನಲ್ಲಿ ಚಿತ್ರ ನೋಡಲು ಒಎಚ್‌ಐಎಫ್ ಇದೆ. ಮೂರಕ್ಕೂ ಲೈಸೆನ್ಸ್ ದುಡ್ಡಿಲ್ಲ. ಚಿತ್ರಗಳು ಡೈಕಾಮ್ ರೂಪದಲ್ಲೇ ಉಳಿಯುವುದರಿಂದ ಬಿಟ್ಟು ಹೋಗುವುದೂ ಸುಲಭ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಹಾಕಬಾರದು? ನೋಡಿಕೊಳ್ಳುವವರು ಬೇಕು, ಅದಕ್ಕೆ. ಆಸ್ಪತ್ರೆಯ ಕಂಪ್ಯೂಟರ್ ಹುಡುಗ ಆಸಕ್ತಿಯಿಂದ ಕೂರಿಸುತ್ತಾನೆ. ಎರಡು ವರ್ಷ ಚೆನ್ನಾಗಿ ನಡೆಯುತ್ತದೆ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಆಮೇಲೆ ಪಾಸ್‌ವರ್ಡ್ ಕೂಡ ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರಿಗಾದರೂ ಕೆಲಸ ಗೊತ್ತಿರಬೇಕು, ಮಾಡಿದ್ದೆಲ್ಲ ಬರೆದಿಟ್ಟಿರಬೇಕು. ಇಲ್ಲವೇ ಹೊರಗಿನ ಒಬ್ಬರಿಗೆ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಗುತ್ತಿಗೆ, ಕೊಡಬೇಕು. ರೋಗನಿರ್ಣಯಕ್ಕೆ ಬಳಸುವ ವ್ಯೂವರ್ ಮಾತ್ರ ಅದಕ್ಕೆಂದೇ ಅನುಮತಿ ಪಡೆದದ್ದಿರಲಿ. ಉಳಿದ ಡಾಕ್ಟರುಗಳು ಸುಮ್ನೆ ನೋಡಲು ಉಚಿತದ್ದು ಆಗುತ್ತದೆ.

ಇನ್ನೊಂದು ಮಾತು, ಇದು ಉಚಿತದ್ದಕ್ಕೆ ಮಾತ್ರ ಅಲ್ಲ. ಪ್ಯಾಕ್ಸನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಎಂಬ ಭದ್ರತಾ ಕಂಪನಿ ಹುಡುಕಿದಾಗ ಜಗತ್ತಿನ ನೂರಾರು ಪ್ಯಾಕ್ಸ್ ಸರ್ವರ್‌ಗಳು ಪಾಸ್‌ವರ್ಡ್ ಕೂಡ ಇಲ್ಲದೆ ಬಾಗಿಲು ತೆರೆದುಕೊಂಡು ಕೂತಿದ್ದವು. ಭಾರತದವೂ ಅದರಲ್ಲಿದ್ದವು. ಶಾಖೆಗಳ ನಡುವೆ ವಿಪಿಎನ್, ಅಂದರೆ ಹೊರಗಿನವರು ಇಣುಕಲಾಗದ ಖಾಸಗಿ ಸಂಪರ್ಕ, ಹಾಕಿಸಿ, ಮಿಕ್ಕಿದ್ದೆಲ್ಲ ಆಮೇಲೆ.

ವಿಎನ್‌ಎ

ವೆಂಡರ್ ಯಾರೇ ಇರಲಿ, ಎಲ್ಲ ಪ್ಯಾಕ್ಸ್‌ಗಳ ಚಿತ್ರವನ್ನೂ ಒಂದೇ ಕಣಜದಲ್ಲಿ ಇಡುವ ವ್ಯವಸ್ಥೆ ಇದು. ಹತ್ತಾರು ಆಸ್ಪತ್ರೆ, ನಾಲ್ಕಾರು ಬಗೆಯ ಪ್ಯಾಕ್ಸ್ ಇರುವ ದೊಡ್ಡ ಸಂಸ್ಥೆಗಳಿಗೆ ಬೇಕು. ಎರಡು ಮೂರು ಶಾಖೆಯವರಿಗೆ ಬೇಡ. ಯಾರಾದರೂ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿ.

ಯಾವುದನ್ನು ಕೊಂಡರೂ ಕಾಡುವ ಸಮಸ್ಯೆ

ಶಾಖೆಗಳನ್ನು ಸೇರಿಸುವಾಗ ಜಾಸ್ತಿ ಕೈಕೊಡುವುದು ಸಾಫ್ಟ್‌ವೇರ್ ಅಲ್ಲ, ರೋಗಿಯ ನಂಬರು. ಹಾಸನದಲ್ಲಿ ಒಂದು ಒಪಿ ನಂಬರು, ಚನ್ನರಾಯಪಟ್ಟಣದಲ್ಲಿ ಇನ್ನೊಂದು. ಹಾಸನದ 1045 ಮಂಜುನಾಥ, ಅಲ್ಲಿಯ 1045 ಲಕ್ಷ್ಮಮ್ಮ. ಎರಡನ್ನೂ ಒಂದೇ ಪ್ಯಾಕ್ಸಿಗೆ ಸುರಿದರೆ ಮಂಜುನಾಥನ ಎದೆ ಎಕ್ಸ್-ರೇ ಲಕ್ಷ್ಮಮ್ಮನ ಖಾತೆಗೆ ಬಂದು ಕೂರುತ್ತದೆ.

ಹೆಸರು ನೋಡಿ ಹೊಂದಿಸೋಣ ಎಂದರೆ ಅದೂ ಆಗದು. ಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬ ಟೆಕ್ನಿಷಿಯನ್ ಒಂದು ಥರ ಟೈಪ್ ಮಾಡುತ್ತಾನೆ, ಇನ್ನೊಬ್ಬ ಇನ್ನೊಂದು ಥರ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹುಟ್ಟಿದ ತಾರೀಖು ಕೇಳಿದರೆ ‘ಅರವತ್ತು ಆಗಿರಬಹುದು ಬರ್ಕೊಳಿ ಸಾರ್’ ಎನ್ನುತ್ತಾರೆ. ಫೋನ್ ನಂಬರು ಮಗನದು. ಅದೇ ನಂಬರು ಅಪ್ಪನಿಗೂ, ಅತ್ತಿಗೆಗೂ.

ಇದಕ್ಕೆ ಮದ್ದು ಎರಡಿದೆ. ಮೊದಲನೆಯದು, ಎಲ್ಲ ಶಾಖೆಗೂ ಒಂದೇ ನಂಬರ್ ಸರಣಿ. ಅದಾಗದಿದ್ದರೆ ನಂಬರಿನ ಮುಂದೆ ಶಾಖೆಯ ಗುರುತು. ಎರಡನೆಯದು ವರ್ಕ್‌ಲಿಸ್ಟ್. ಬಿಲ್ಲಿಂಗ್ ಕೌಂಟರಿನಲ್ಲಿ ಒಮ್ಮೆ ನಮೂದಿಸಿದ ಹೆಸರು, ನಂಬರು ತಾನೇ ಸಿಟಿ ಮಷಿನ್ನಿನ ಪರದೆಗೆ ಬರುತ್ತದೆ. ಟೆಕ್ನಿಷಿಯನ್ ಟೈಪ್ ಮಾಡುವಂತೆಯೇ ಇಲ್ಲ, ಪಟ್ಟಿಯಿಂದ ಆರಿಸಬೇಕು ಅಷ್ಟೆ. ಪ್ಯಾಕ್ಸ್ ಕೊಟೇಶನ್ನಿನಲ್ಲಿ ಈ ಸೌಲಭ್ಯವನ್ನು ಬೇರೆ ಸಾಲಿನಲ್ಲಿ, ಬೇರೆ ರೇಟಿನಲ್ಲಿ ಹಾಕಿರುತ್ತಾರೆ. ಖರ್ಚು ಉಳಿಸಲು ಕೆಲವರು ಆ ಸಾಲನ್ನೇ ಹೊಡೆದುಹಾಕುತ್ತಾರೆ. ಬೇರೆ ಯಾವುದನ್ನಾದರೂ ಕಡಿಮೆ ಮಾಡಿ, ಇದನ್ನು ಮಾತ್ರ ಬಿಡಬೇಡಿ. ಸರ್ಕಾರದ ಆರೋಗ್ಯ ಗುರುತಿನ 14 ಅಂಕಿಯ ಆಭಾ ನಂಬರ್ ಇದ್ದವರದ್ದು ಬರೆದುಕೊಂಡರೆ ಮುಂದೆ ಬೇರೆ ಆಸ್ಪತ್ರೆಯ ದಾಖಲೆಗೂ ಜೋಡಿಸಬಹುದು. ಅದು ರೋಗಿಯ ಇಷ್ಟಕ್ಕೆ ಬಿಟ್ಟದ್ದು, ಬಲವಂತ ಮಾಡುವಂತಿಲ್ಲ.

ಹಳೆಯ ಚಿತ್ರಗಳನ್ನು ಹೊಸ ಪ್ಯಾಕ್ಸಿಗೆ ಸಾಗಿಸುವ ಮೊದಲು ಎರಡೆರಡು ನಂಬರಿನವರನ್ನು ಹುಡುಕಿ ಸರಿಮಾಡಿಕೊಳ್ಳಿ. ಬೇಜಾರಿನ ಕೆಲಸ, ವಾರಗಟ್ಟಲೆ ಹಿಡಿಯುತ್ತದೆ. ಸಾಗಿಸಿದ ಮೇಲೆ ಮಾಡುತ್ತೇವೆ ಎಂದವರು ಸಾಮಾನ್ಯವಾಗಿ ಮಾಡುವುದಿಲ್ಲ.

ಎಷ್ಟು ವರ್ಷ ಇಡಬೇಕು?

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಹೇಳುತ್ತವೆ. ಗರ್ಭಿಣಿಯರ ಸ್ಕ್ಯಾನಿಂಗ್ ದಾಖಲೆಗೆ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾನೂನಿನಂತೆ ಎರಡು ವರ್ಷ. ಕೋರ್ಟಿಗೆ ಹೋಗಬಹುದಾದ ಅಪಘಾತ, ಹೊಡೆದಾಟದ ಕೇಸುಗಳ ಚಿತ್ರವನ್ನು ಕೇಸು ಮುಗಿಯುವವರೆಗೆ ಮುಟ್ಟಬೇಡಿ. ಕ್ಯಾನ್ಸರ್ ರೋಗಿಗಳದ್ದನ್ನಂತೂ ಮೂರು ವರ್ಷಕ್ಕೆ ಅಳಿಸಿದರೆ ಡಾಕ್ಟರೇ ಬೈಯುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನಿನಲ್ಲಿ ಭದ್ರತೆ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ನಮ್ಮಂಥ ಸಣ್ಣವರಿಗೆ ಅಷ್ಟು ಹಾಕುತ್ತಾರೋ ಇಲ್ಲವೋ, ಯಾರು ಯಾವ ಚಿತ್ರ ತೆರೆದರು ಎಂಬ ಲಾಗ್ ಇಡುವ ಪ್ಯಾಕ್ಸನ್ನೇ ಆರಿಸಿ.

ಸಹಿ ಹಾಕುವ ಮೊದಲು

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಇಟ್ಟ ಬೆಳೆಗಾರ ಬೇಕೆಂದಾಗ ತನ್ನ ಮೂಟೆ ಎತ್ತಿಕೊಂಡು ಬರುತ್ತಾನೆ, ಅಲ್ವಾ? ಚಿತ್ರಗಳಿಗೂ ಅದೇ ಹಕ್ಕು ಒಪ್ಪಂದದಲ್ಲಿ ಬರೆದಿರಬೇಕು. ಬಿಟ್ಟು ಹೋಗುವಾಗ ಎಲ್ಲ ಚಿತ್ರಗಳನ್ನೂ ಡೈಕಾಮ್ ರೂಪದಲ್ಲೇ ಕೊಡಬೇಕು. ರಿಪೋರ್ಟುಗಳನ್ನೂ, ರೇಡಿಯಾಲಜಿಸ್ಟ್ ಚಿತ್ರದ ಮೇಲೆ ಹಾಕಿದ ಗುರುತುಗಳನ್ನೂ ಕೊಡಬೇಕು. ಇವೆರಡೇ ಸಾಮಾನ್ಯವಾಗಿ ಹಿಂದೆ ಉಳಿದುಬಿಡುತ್ತವೆ. ಎಷ್ಟು ದಿನದಲ್ಲಿ, ಎಷ್ಟು ಚಾರ್ಜಿಗೆ ಎಂಬುದೂ ಇವತ್ತೇ ಬರೆದಿರಲಿ. ಬಿಲ್ ತಡವಾದರೆ ಚಿತ್ರ ನೋಡುವುದನ್ನೇ ನಿಲ್ಲಿಸುತ್ತಾರಾ ಎಂದು ಓದಿ ನೋಡಿ. ಕೆಲವು ಒಪ್ಪಂದಗಳಲ್ಲಿ ಆ ಸಾಲು ಸಣ್ಣಕ್ಷರದಲ್ಲಿರುತ್ತದೆ.

ಡೆಮೊಗೆ ಬಂದವರು ತಮ್ಮ ಲ್ಯಾಪ್‌ಟಾಪಿನ ಚಿತ್ರ ತೋರಿಸುತ್ತಾರೆ. ಅದು ಸರಾಗವಾಗಿಯೇ ಓಡುತ್ತದೆ. ನಿಮ್ಮದೇ ಒಂದು ದೊಡ್ಡ ಸಿಟಿಯನ್ನು ಹೆಸರು ಅಳಿಸಿ ಕೊಡಿ. ಶಾಖೆಯ ನೆಟ್ಟಿನಿಂದ, ಸಂಜೆ ಎಲ್ಲರೂ ಮೊಬೈಲ್ ಹಿಡಿದು ಕೂತ ಹೊತ್ತಿಗೆ ಕಳಿಸಲು ಹೇಳಿ. ನಿಮ್ಮ ರೇಡಿಯಾಲಜಿಸ್ಟ್ ಅದನ್ನು ಹಳೆಯ ಸಿಟಿಯ ಪಕ್ಕದಲ್ಲಿಟ್ಟು ತೆರೆಯಲಿ. ಮಧ್ಯದಲ್ಲಿ ನೆಟ್ ಕೇಬಲ್ ಕಿತ್ತು, ಮತ್ತೆ ಹಾಕಿದಾಗ ಉಳಿದ ಸ್ಲೈಸ್ ಮಾತ್ರ ಹೋಗುತ್ತವಾ, ಮೊದಲಿಂದ ಶುರುವಾಗುತ್ತದಾ ನೋಡಿ. ಒಂದು ತಿಂಗಳು ಟ್ರಯಲ್ ಕೊಡುತ್ತೇವೆ ಎಂದರೆ ಫೆಬ್ರವರಿಯಲ್ಲಿ ತೆಗೆದುಕೊಳ್ಳಬೇಡಿ, ಜುಲೈಗೆ ಕೇಳಿ.